ಕೌಶಲ: ಇಲ್ಲ

ಭಾನುವಾರ ಹತ್ತಕ್ಕೆ ಶಿಡ್ಲಘಟ್ಟದ ಕಾಲೇಜಿನ ಬೀಗ ತೆಗೆಯುವುದು ನನ್ನ ಕೆಲಸ,
ಹತ್ತೂವರೆಗೆ ಕಾಸ್ಟ್ ಅಕೌಂಟಿಂಗ್ ಹೇಳುವುದೂ.
ಪಟ್ಟಿಯಲ್ಲಿ ನಲವತ್ತಮೂರು ಹೆಸರು, ಬೆಂಚಿನಲ್ಲಿ ಏಳು ಜನ,
ದಿಬ್ಬೂರಹಳ್ಳಿ ಬಸ್ಸು ಬಂದರೆ ಎಂಟು.
ಎಟಿಎಂ ಕಾಯುವ ಮುನಿಶಾಮಿ ರಾತ್ರಿಪಾಳಿ ಮುಗಿಸಿ ನೇರ ಬಂದು
ಮೊದಲ ಬೆಂಚಿನಲ್ಲೇ ನಿದ್ದೆ ಹೋಗುತ್ತಾನೆ, ಕಣ್ಣು ಬಿಟ್ಟುಕೊಂಡೇ.
ನಾನು ಎಬ್ಬಿಸುವುದಿಲ್ಲ.
ಪರೀಕ್ಷೆಗೆ ಬರುವಂಥದ್ದು ಬಂದಾಗ ದನಿ ಏರಿಸುತ್ತೇನೆ, ಅಷ್ಟೇ.

ದೂರ ಶಿಕ್ಷಣ ಎನ್ನುತ್ತಾರೆ.
ಎಷ್ಟು ದೂರ?
ಮುಬೀನ್ ತಾಜಳ ಬಿಸಿನೀರ ಬೇಸಿನ್ನಿಂದ ಈ ಕರಿಹಲಗೆಗೆ
ಮೂರು ಓಣಿ, ಒಂದು ಮೋರಿ,
ಮತ್ತೆ ಹದಿಮೂರು ವರ್ಷ.
ಪುಸ್ತಕ ಬಂದದ್ದು ಪರೀಕ್ಷೆಗೆ ಹದಿನೆಂಟು ದಿನ ಇರುವಾಗ;
ನಾಲ್ಕನೇ ಘಟಕ ಎರಡು ಸಲ, ಐದನೆಯದು ಇಲ್ಲವೇ ಇಲ್ಲ.
ದೂರ ಕಲಿಯುವವರು ದೂರು ಕೊಡಲಿಕ್ಕೂ ದೂರ ಹೋಗಬೇಕು.
ಐದನೆಯದನ್ನು ನಾನೇ ಬರೆದು ಜೆರಾಕ್ಸ್ ಮಾಡಿಸಿದೆ.
(ಅದರಲ್ಲೊಂದು ಲೆಕ್ಕ ತಪ್ಪಿತ್ತು, ಆಮೇಲೆ ಹೇಳುತ್ತೇನೆ.)

ಹೋದ ತಿಂಗಳು ಒಂದು ದಿನ, ಪಾಠ ಬೇಡ, ಅರ್ಜಿ ಬರೆಯೋಣ ಎಂದೆ.
ವಿಜಯಪುರ ರಸ್ತೆಯ ಗೋದಾಮಿಗೆ ಲೆಕ್ಕ ನೋಡುವವರು ಬೇಕಂತೆ,
ಹದಿನಾಲ್ಕು ಸಾವಿರ, ಊಟ ನಮ್ಮದೇ.
ಹೆಸರು, ತಂದೆ, ಪಿನ್ ಕೋಡು ಎಲ್ಲ ತುಂಬಿ
'ಕೌಶಲಗಳು' ಎಂಬಲ್ಲಿ ಅವಳು
ದುಂಡಗೆ ಬರೆದಳು: ಇಲ್ಲ.

"ಇಲ್ಲ ಅಂದ್ರೆ?"
"ಏನೂ ಬರಲ್ಲ ಸಾರ್. ಗೂಡು ಬಿಚ್ಚೋದು ಒಂದೇ."

ಒಂದೇ.
ಕುದಿವ ನೀರಲ್ಲಿ ಗೂಡುಗಳು ಒಂದರ ಮೇಲೊಂದು ಹೊರಳುವಾಗ
ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿಯುವುದು,
ಎಂಟು ಎಳೆ ಕೂಡಿಸಿ ಒಂದು ನೂಲು ಮಾಡುವುದು,
ಒಂದು ಕಡಿದರೂ ತಿರುಗುವ ಸದ್ದಿನಲ್ಲೇ ತಿಳಿಯುವುದು,
ಮಾಲೀಕ ಹಿಡಿ ಗೂಡು ತಂದು ತೋರಿಸಿದರೆ
ಕಿವಿಯ ಹತ್ತಿರ ಅಲ್ಲಾಡಿಸಿ
'ಈ ಲಾಟು ಒಂದು ಕಿಲೋ ನೂಲಿಗೆ ಎಂಟು ಕಿಲೋ ತಿನ್ನುತ್ತೆ, ಬೇಡ' ಎನ್ನುವುದು.
ಇದಕ್ಕೆ ನನ್ನ ಪುಸ್ತಕದಲ್ಲಿ ಹನ್ನೆರಡು ಪುಟದ ಸೂತ್ರವಿದೆ.

ಜೆರಾಕ್ಸಿನ ತಪ್ಪು ಹಿಡಿದವಳೂ ಅವಳೇ.
"ನಷ್ಟ ಅಂತ ಪೂರ್ತಿ ಬರ್ದಿದ್ದೀರಲ್ಲ ಸಾರ್,
ಒಳಗಿನ ಹುಳ ಎಲ್ಲಿ ಹೋಯ್ತು? ಅದ್ನೂ ಮಾರ್ತಾರೆ."
ಉಪ ಉತ್ಪನ್ನದ ಬೆಲೆ ಕಳೆಯುವುದನ್ನು ನಾನು ಮರೆತಿದ್ದೆ.
ಇಪ್ಪತ್ತೆರಡು ವರ್ಷದ ಸರ್ವಿಸು ನನ್ನದು.

ಉದ್ಯೋಗ ನೋಂದಣಿಗೆ ಕಂಪ್ಯೂಟರ್ ಅಂಗಡಿ.
ಹೆಬ್ಬೆರಳು ಒತ್ತಮ್ಮ ಎಂದ ಹುಡುಗ.
ಹೊಂದುತ್ತಿಲ್ಲ.
ಒರೆಸಿ ಒತ್ತು. ಹೊಂದುತ್ತಿಲ್ಲ.
ಬಲಗೈ ಆಯಿತು, ಎಡಗೈ ಆಯಿತು,
ನಾಳೆ ಬಾ, ಕೈ ಒಣಗಿಸಿಕೊಂಡು.
ಒಣಗುವುದಕ್ಕೆ ಅದೇನು ಬಟ್ಟೆಯೇ?
ಬರುವ ಒಂದೇ ಕೆಲಸ
ಬೆರಳ ಗೆರೆಯನ್ನೆಲ್ಲ ಬೇಯಿಸಿ ಸುಲಿದಿದೆ,
ಇವಳೇ ಇವಳು ಎನ್ನಲು ಗಾಜಿಗೆ ಏನೂ ಉಳಿದಿಲ್ಲ.
ಅವಳು ನನ್ನ ಮುಖ ನೋಡಲಿಲ್ಲ. ನಾನೂ ಹೊರಗೆ ನೋಡಿದೆ:
ಗೂಡಿನ ಮೂಟೆ ಹೊತ್ತ ಆಟೋ, ಬೇಳೆ ಬೋಂಡದ ಗಾಡಿ.
ಕಡೆಗೆ ಎಡಗೈ ಕಿರುಬೆರಳು,
ನೀರಿಗೆ ಅಷ್ಟಾಗಿ ಇಳಿಯದ್ದು, ಚಿಕ್ಕದು,
ಹಸಿರು ದೀಪ ಹತ್ತಿಸಿತು.

ಕೆಲಸ ಸಿಕ್ಕಿತೆ ಎಂದು ಕೇಳಬೇಡಿ. ಗೋದಾಮಿನಿಂದ ಇನ್ನೂ ಫೋನಿಲ್ಲ.
ಬಿ.ಕಾಂ.ನಲ್ಲಿ ಒಂದು ವಿಷಯ ಬಾಕಿ ಇದೆ, ಅದೂ ನನ್ನದೇ.
'ಇಲ್ಲ' ಅಳಿಸಿ ನಾನು ಬರೆಸಿದ್ದೆ:
ಗುಣಮಟ್ಟ ಪರಿಶೀಲನೆ, ಉತ್ಪಾದನಾ ಲೆಕ್ಕ.
"ಇದು ಯಾವ ಘಟಕದಲ್ಲಿ ಬರುತ್ತೆ ಸಾರ್?" ಎಂದಿದ್ದಳು.
ಅಂಚೆಗೆ ಹಾಕುವಾಗ ನೋಡಿದೆ, ಅದರ ಕೆಳಗೆ ಪೆನ್ಸಿಲಿನಲ್ಲಿ ಅವಳದೇ ಒಂದು ಸಾಲು:
ತುದಿ ಹುಡುಕುವುದು.

ಇವತ್ತು ಬೀಗ ತೆಗೆಯಲು ಬಂದರೆ ಮೆಟ್ಟಿಲ ಮೇಲೆ ಇಬ್ಬರು.
ಇನ್ನೊಬ್ಬಳು ಪಕ್ಕದ ಬೇಸಿನ್ನಿನ ಗಂಗರತ್ನ, ಪಿಯುಸಿಗೆ ಬಿಟ್ಟವಳು,
ಕೈ ಎರಡೂ ಸೆರಗಿನಲ್ಲಿ.
ಹಿಂದಿನ ಬೆಂಚೆಲ್ಲ ಖಾಲಿಯಿದ್ದವು. ಆದರೂ
ಮುನಿಶಾಮಿಯ ಭುಜ ತಟ್ಟಿದೆ, ಇದೇ ಮೊದಲ ಸಲ:
"ಸ್ವಲ್ಪ ಸರಿಯಪ್ಪ."