ಅರ್ಧ ಗಾಳಿ

ಗಾದಿಲಿಂಗ ದುಬೈಯಲ್ಲಿ ಏಳು ವರ್ಷ
ದಿಬ್ಬ ಹತ್ತಿಸಿ ಇಳಿಸಿದವನು.
ಟೈರಿನ ಗಾಳಿ ಅರ್ಧ ಬಿಡಬೇಕಂತೆ,
ಮರಳಿನ ಮ್ಯಾಲೆ ಸೊಕ್ಕು ನಡೆಯಲ್ಲ.

ಇವತ್ತು ಸಿರುಗುಪ್ಪದ ಹೊಳೆದಂಡೆ, ಮಾವನ ಹಳೇ ಜೀಪು,
ನಾವು ಐದು ಮಂದಿ, ಒಗ್ಗರಣಿ, ಮಿರ್ಚಿ.
ಹಸೀನಾ ಕಣ್ಣು ಮುಚ್ಚಿ ಕೂಗಿದಳು
ಜೀಪು ಏರುವ ಮೊದಲೇ.

ಹಲಗೆ ಎಲ್ಲಿಂದ ತರೋದು?
ಹೋದ ಎಲೆಕ್ಷನ್ನಿನ ಫ್ಲೆಕ್ಸು ಮಡಚಿ
ಕೈಮುಗಿದವರ ಎದೆಯ ಮೇಲೆ ಕೂತು
ಜಾರಿದೆ.
ಹೊಟ್ಟೆ ಮೇಲೇ ಉಳಿಯಿತು,
ನಾನೊಬ್ಬಳೇ ಕೆಳಗೆ ಬಂದೆ.

‘ಅಲ್ಲಿ ನೀನೂ ಜಾರತಿದ್ದೆಯಾ?’
ಬಾನೆಟ್ಟು ಒರೆಸುತ್ತ ಅಂದ:
‘ಡ್ರೈವರ್ ಗಾಡಿ ಬಿಟ್ಟು ಇಳಿಯಂಗಿಲ್ಲ.’

ಫ್ಲೆಕ್ಸು ಕೊಟ್ಟೆ.
ಚಪ್ಪಲಿ ಬಿಚ್ಚಿ,
ಬೀಗದಕೈ ನನ್ನ ಅಂಗೈಗಿಟ್ಟು,
ದಿಬ್ಬದ ತುದಿಯಲ್ಲಿ ಸುಮ್ಮನೆ ಕೂತ.

ನೂಕೋದಕ್ಕೆ ನಾಲ್ಕು ಜನ ಬೇಕಾಯಿತು.