ಒಕ್ಕಲು

ಕೌಹಾಯೊಕಿಯ ಮರಿಮನೆಯಲ್ಲಿ ರಾತ್ರಿಪಾಳಿ.
ಹೊರಗೆ ಸೊನ್ನೆಗೂ ಇಪ್ಪತ್ತೆಂಟು ಕೆಳಗೆ,
ಒಳಗೆ ಯಂತ್ರದ ಕಾವು.
ಹನ್ನೊಂದು ಸಾವಿರ ಮೊಟ್ಟೆ; ಒಂದಕ್ಕೂ
ರೆಕ್ಕೆಯಡಿಯ ಕತ್ತಲು ಗೊತ್ತಿಲ್ಲ.

ಸೈಮಿ ಇಂಕಿನೆನ್ ತಟ್ಟೆ ಎಳೆಯುತ್ತಾಳೆ.
ಚಿಪ್ಪೊಡೆದು ನಿಂತಿವೆ, ಒದ್ದೆಮುದ್ದೆ, ಕಂಗಾಲು.
ಹೊಟ್ಟೆ ಇನ್ನೂ ಸುಟ್ಟಿಳಿಸಿದ ಮಡಕೆ,
ಮಡಿಯೆಂದರೆ ಅಷ್ಟು ಮಡಿ.
ಅದೇ ಅಪಾಯ. "ಮೊದಲು ಕಾಲಿಟ್ಟವರದೇ ಮನೆ"
ಎಂದಿದ್ದ ಪಶುವೈದ್ಯ ಆರ್ಮಾಸ್, ಹೋದ ಚಳಿಗಾಲ,
ರೋಗ ಹೊಕ್ಕ ಮರಿಗಳನ್ನು
ಬಕೆಟ್ಟು ಬಕೆಟ್ಟಾಗಿ ಹೊರುತ್ತ.

ಅದಕ್ಕೇ ಈ ಬಾಟಲಿ.
ಯಾವುದೋ ಮುದಿ ಹೇಂಟೆಯ ಕರುಳ ಬಗ್ಗಡ,
ಗಾಜಿನಲ್ಲಿ ಬೆಳೆಸಿ ನೀರಿಗೆ ಬೆರೆಸಿದ್ದು.
ಮೊದಲ ದಿನ ಸೈಮಿ ಮೂಗು ಮುಚ್ಚಿಕೊಂಡಿದ್ದಳು.
ಈಗ ತುಂತುರು ಹೊಡೆಯುತ್ತಾಳೆ,
ಒಂದರ ಬೆನ್ನ ಹನಿ ಇನ್ನೊಂದು ಕುಕ್ಕಿ ಕುಡಿಯುತ್ತದೆ.
ಅಮ್ಮ ಇಲ್ಲ;
ಅಮ್ಮನ ಎಂಜಲು ಇದೆ.

ಮುಂದಿನದು ಅವಳಿಗೆ ಕಾಣದು:
ಕತ್ತಿನ ಇಳಿಜಾರು, ಗಂಟಲಚೀಲದ ಗವಿ,
ಎಲ್ಲವನ್ನೂ ನೂಕಿಕೊಂಡೇ ಹೋಗುವ ಕರುಳ ಅಲೆ.
ಕಡ್ಡಿಯಂಥ ಒಂದು ಜೀವ
ಮೈಯ ಕೂದಲೆಲ್ಲ ಚಾಚಿ ತಡಕುತ್ತದೆ,
ಲೋಳೆಯಲ್ಲಿ ತೂಗುವ ಸಕ್ಕರೆಯೆಳೆಗೆ.
ಸಿಕ್ಕಿತು. ಜಾರಿತು.
ಮತ್ತೆ ಸಿಕ್ಕಿತು.
ಅಂಥ ಬಿಗಿಯೇನಲ್ಲ ಹಿಡಿತ,
ಗುಂಪಿನಲ್ಲಿ ಮಗು ಕೋಟಿನ ಚುಂಗು ಹಿಡಿದಷ್ಟೇ.
ಆದರೆ ನೂರು ಸಡಿಲ ಹಿಡಿತ ಸೇರಿ
ಒಂದು ಗಟ್ಟಿ.
ಅಂಟಿತು, ಎರಡಾಯಿತು, ಪಕ್ಕಕ್ಕೆ ಸರಿದು ಜಾಗ ಕೊಟ್ಟಿತು.
ಕಾಲೂರಿದ ಗೋಡೆಯೇ
ಕೆಲವು ದಿನಕ್ಕೆ ಸಿಪ್ಪೆಯಾಗಿ ಉದುರುತ್ತದೆ;
ಉದುರುವ ಮೊದಲು ಮಕ್ಕಳನ್ನು
ಪಕ್ಕದ ಗೋಡೆಗೆ ದಾಟಿಸಬೇಕು.

ಹೀಗೆ ಕೇರಿ ತುಂಬುತ್ತದೆ.
ಆಮೇಲೆ ಬರಲಿ ಆ ಕೇಡಿ, ಸಾಲ್ಮೊನೆಲ್ಲಾ,
ಕದ ಕದ ತಟ್ಟಲಿ:
ಮಣೆ ಖಾಲಿಯಿಲ್ಲ. ಮುಂದೆ ಹೋಗು.

ದಾಖಲೆ ಬರೆಯುವ ಸೈಮಿಯ ಪೆನ್ನು ನಿಲ್ಲುತ್ತದೆ.
ಈ ಮಾತು ಅವಳು ಕೇಳಿದ್ದಾಳೆ.
ನಲವತ್ನಾಲ್ಕರ ಶರತ್ಕಾಲ, ಅವಳಿಗೆ ಏಳು;
ಕರೇಲಿಯಾದ ಮನೆ ಗಡಿಯಾಚೆ ಉಳಿಯಿತು.
ಒಂದು ಹಸು, ಒಂದು ಹಿಟ್ಟಿನ ಮರಿಗೆ, ಅಮ್ಮನ ಕೋಟು,
ಮೂರು ಅಂಗಳ ಹತ್ತಿ ಇಳಿದಿದ್ದರು.
"ಮನೆ ತುಂಬಿದೆ."
"ತುಂಬಿದೆ, ಮುಂದಿನ ಮನೆ ನೋಡಿ."

ನಾಲ್ಕನೆಯ ಮನೆಯ ಮುದುಕಿ ಏನೂ ಅನ್ನದೆ
ಸೌನಾದ ಬೆಂಚು ತೋರಿಸಿದಳು.
ನೀರು ಕಾಯಿಸಿದಳು, ಉಪಕಾರವೆಂದೇ
ಮರಿಗೆ ತಿಕ್ಕಲು ಬ್ರಷ್ಷು ತಂದಳು.
ದಾರಿಯುದ್ದಕ್ಕೂ ಅಳದ ಅಮ್ಮ ಆಗ
ಎರಡೂ ಕೈಯಲ್ಲಿ ತಬ್ಬಿಕೊಂಡಳು ಮರಿಗೆಯನ್ನು:
ಬೇಡ, ತೊಳೆಯಬೇಡ!
ಅದರ ಗೋಡೆಗೆ ಒಣಗಿ ಅಂಟಿತ್ತು
ಅಜ್ಜಿಯ ಅಜ್ಜಿಯ ಕಾಲದ ರೊಟ್ಟಿಯ ಹುಳಿ.

ಅಂಗೈಯ ಮೇಲಿನ ಮರಿ
ಬೆಚ್ಚಗೆ ಒಂದಿಷ್ಟು ಹಿಕ್ಕೆ ಹಾಕಿತು.
ಚಿಂದಿಗೆ ಚಾಚಿದ ಕೈ
ಸ್ವಲ್ಪ ಹೊತ್ತು ಅಲ್ಲೇ ಇತ್ತು.