ಕಸಬರಿಗಿ ಗಾಡಿ

ನನ್ನ ಗಾಡಿ ಹಿಂದ ಒಂದು ಕಸಬರಿಗಿ ಕಟ್ಟ್ಯಾರ.
ಖರೇ ಕಸಬರಿಗಿ, ಶಹಾಬಾದ ಸಂತ್ಯಾಗ ತಂದದ್ದು.
ಸೈಕಲ್ ರೇಸಿನ ಪದ್ಧತಿ ಅಂತ. ಯಾರು ಉಳೀತಾರ
ಅವರನ್ನ ಗುಡಿಸಿ ಹಾಕ್ಕೊಂಡು ಬರೂದು ಲಾಡ್ಲೇಸಾಬನ ಕೆಲಸ,
ದಿನಕ್ಕ ಎರಡು ಸಾವಿರ, ಡೀಸೆಲ್ ಅವರದ್ದು.

ಐದು ದಿನದ ಆಟ. ಬೀದರಿನ ಕೆಂಪು ಮಣ್ಣಾಗ ಸುರು ಆತು.
ಹುಮನಾಬಾದಿನ ಇಳಕಲಿನ್ಯಾಗ ಇಬ್ಬರು ಬಿದ್ದರು,
ಶಹಾಪುರದ ಗುಡ್ಡದ ಮಗ್ಗಲಾಗ ಒಬ್ಬ ಕಾರಿಕೊಂಡ.
ಮೂವರೂ ನನ್ನ ಗಾಡ್ಯಾಗ ಕುಂತರು,
ಮೂವರೂ ಕಿಟಕಿ ಕಡಿ ಮಾರಿ ಮಾಡಿ.
ಗಾಡಿ ಏರಿದವನ ಜೋಡಿ ಮಾತಾಡಬಾರದು,
ಇದನ್ನ ಯಾರೂ ಹೇಳಿಕೊಡಲಿಲ್ಲ.

ನಾಕನೇ ದಿನ ಯಾದಗಿರಿಯಿಂದ ಕಲಬುರಗಿ.
ಮುಂದ ಹೋದವರನ್ನ ನಾ ಒಂದಿನಾನೂ ನೋಡಿಲ್ಲ.
ನನಗ ಕಾಣೂದು ಒಂದೇ ಬೆನ್ನು,
ನೂರಾ ಹದಿನೇಳು, ದೇವಿಂದ್ರ, ಸುರಪುರದ ಕಡಿಯಂವ,
ನಾಕು ಪಿನ್ನಿನ ಮ್ಯಾಲ ನಿಂತ ನಂಬರು.

ಅಂವ ಗೆಲ್ಲಾಕ ಬಂದವನಲ್ಲ.
ತಂಡದಾಗ ಗೆಲ್ಲಾಂವ ಬ್ಯಾರೆ ಇದ್ದಾನ.
ಇಂವ ಕಾರಿನ ತನಕ ಹಿಂದ ಬರಬೇಕು, ಎಂಟು ಬಾಟ್ಲಿ
ಅಂಗಿಯೊಳಗ, ಬೆನ್ನಾಗ, ಎದಿಯಾಗ ತುರುಕಿ
ಬಸುರಿಯಂಗ ಉಬ್ಬಿ ಮತ್ತ ಮುಂದಕ್ಕ ತುಳೀಬೇಕು.
ಗುರುಮಠಕಲ್ ದಾಟೂದ್ರಾಗ ಮೂರು ಸಲ.
ನಮ್ಮವ್ವ ಹಿಂಗೇ ಬೋರಿಂದ ನೀರು ತರತಿದ್ದಳು,
ಆಕಿ ಟೈಮು ಯಾರೂ ಬರಕೊಂಡಿಲ್ಲ.

ಸೇಡಮ್ಮಿನ ಹತ್ರ ಸಿಮೆಂಟಿನ ಧೂಳು.
ತಡದ ಲಾರಿಗಳಿಂದ ಡ್ರೈವರಗಳು ಇಳಿದು
ಬೀಡಿ ಹಚ್ಚಿ ನೋಡತಿದ್ದರು.
ಅಲ್ಲೇ ಅಂವ ಹಿಂದ ಬಿದ್ದ. ಹಿಂದ ಬೀಳೂದಂದ್ರ
ಮೊದಲು ಒಂದು ಗಾಲಿಯಷ್ಟು,
ಆಮ್ಯಾಲ ಒಂದು ಎಮ್ಮಿ ಹಾಯುವಷ್ಟು,
ಆಮ್ಯಾಲ ಒಂದು ಊರು.

ಮಳಖೇಡದಾಗ ಪೊಲೀಸರು ರಸ್ತೆಮ್ಯಾಲಿನ ಜೋಳ ಬಳಿಸಿದ್ದರು.
ರೇಸು ಹೋತು ಅಂತ ಒಬ್ಬಾಕಿ ಮತ್ತ ತೆನಿ ಹರವತಿದ್ದಳು.
ಇಂವ ಬಂದ. ತೆನಿ ತುಳೀದಂಗ
ಅಂಚಿನ ಮಣ್ಣಿಗಿಳಿದು ಹಾಯ್ದ.
“ಇನ್ನೂ ಎಷ್ಟು ಮಂದಿ ಅದಾರೋ ಯಪ್ಪಾ?”
“ಮುಗೀತವ್ವ,” ಅಂದೆ, “ನಾವೇ ಕಡಿ.”

ಕಾಗಿಣಾ ದಾಟಿದ ಮ್ಯಾಲ ಬಲಗಡಿ ಗಾಳಿ.
ಕರಿ ಹೊಲದಾಗ ಅದನ್ನ ತಡಿಯೂದು ಏನೂ ಇಲ್ಲ.
ನನ್ನ ಗಾಡಿ ಏಳು ಫೂಟು ಎತ್ತರ.
ಬಲಕ್ಕ ತಂದು ಅವನ ಮಗ್ಗಲಾಗ ಹಿಡದ್ರ
ಗಾಳಿ ನನಗ ಬಡೀತದ, ಅವನಿಗಲ್ಲ. ಲೆಕ್ಕ ಸರಳ.
ತಂದೆ. ಯಾಕ ಅಂತ ಕೇಳಬ್ಯಾಡ್ರಿ.
ಬೆನ್ನಿನ ನಂಬರು ಪಟಪಟ ಅನ್ನೂದು ನಿಂತಿತು.
ಒಂದು ಫರ್ಲಾಂಗು, ಭಾಳಂದ್ರ ಎರಡು.
ನನ್ನ ಕಡಿ ತಿರುಗದೇ ಅಂವ ಅಂದ,
“ಕಾಕಾ, ಹಿಂದ ಸರೀರಿ.”

ಸರಿದೆ. ನಾಚಿಕಿ ಆತು, ಅವಂಗೂ ಆಗಿರಬೇಕು.
ಮುಂದಿನ ಹತ್ತು ಕಿಲೋಮೀಟರ
ಇಬ್ಬರೂ ಅದನ್ನೇ ತುಳಿದ್ವಿ.

ಗೆದ್ದವನ ಟೈಮಿಗೆ ನೂರಕ್ಕ ಹತ್ತು ಕೂಡಿಸಿ
ಗೆರಿ ಮುಚ್ಚತಾರ.
ಜಗತ್ ಸರ್ಕಲಿಗೆ ಇನ್ನ ಎರಡು ಸಿಗ್ನಲ್ ಇತ್ತು,
ವಾಕಿಟಾಕಿ ಅಂತು: ಟೈಮಾತು, ಹಾಕ್ಕೊಂಡು ಬಾ.
ಹಾರ್ನ್ ಹೊಡದು ತಿಳಿಸಬೇಕು, ಅದು ನಿಯಮ.
ನನ್ನ ಹಾರ್ನ್ ಕೆಟ್ಟಿತ್ತು ಅಂತ ಬರಕೋರಿ.

ಕಮಾನಿನ ಗಾಳಿ ಬಿಡತಿದ್ದರು.
ರಬ್ಬರಿನ ಕಮಾನು ಆನಿಯಂಗ ಮೊಣಕಾಲೂರಿತ್ತು.
ಅಂವ ತಲಿ ಬಗ್ಗಿಸಿ ಅದರ ಕೆಳಗ ನುಸುಳಿದ.
ನೋಡಿದವರು ಇಬ್ಬರು: ನಾನು, ಮತ್ತ
ಖಾಲಿ ಪೊಟ್ಟಣ ಆರಿಸೋ ಒಬ್ಬ ಹುಡುಗ.

ತಾನೇ ಪಿನ್ನು ಬಿಚ್ಚಿ ನಂಬರು ನನ್ನ ಕೈಯಾಗಿಟ್ಟ.
ಬೆನ್ನಿನ ಕಿಸೆದಾಗ ಒಂದು ಬಾಟ್ಲಿ, ಮುಚ್ಚಳ ತೆಗದಿರಲಿಲ್ಲ.
ತುಟಿ ಒಡದು ರಗತ ಕರ್ರಗಾಗಿತ್ತು.
“ಇದ್ಯಾಕ ಕುಡೀಲಿಲ್ಲೋ?”
“ಅದು ಅಣ್ಣಂದು. ಸೇಡಮ್ಮಿನ್ಯಾಗ ಮುಟ್ಟಸಲಿಕ್ಕಾಗಲಿಲ್ಲ.”
ಆಮ್ಯಾಲ ಕೇಳಿದ, ಅಣ್ಣ ಎಷ್ಟನೇದಾಂವ?
“ಹನ್ನೊಂದು.”
“ಹೌದಾ,” ಅಂದ.
ಬಾಟ್ಲಿ ತೆರೆದು ಅರ್ಧ ಕುಡಿದು
ಉಳಿದದ್ದು ನನ್ನ ಕಡಿ ಚಾಚಿದ.
ಚಾದಷ್ಟು ಬಿಸಿ ಇತ್ತು. ಕುಡಿದೆ.